ಎದುರುಗಾಳಿಯ ದಾರಿಯಲ್ಲಿ ಎರಡು ಬಗೆಯ ಸೈಕಲ್ ಸವಾರರು

ಹೊಲಕ್ಕೆ, ಶಾಲೆಗೆ, ಡೇರಿಗೆ, ಸಂತೆಗೆ ಸೈಕಲ್ ತುಳಿಯುವವರು ಒಂದು ಬಗೆ. ಬೆಳಗಿನ ಜಾವ ಗುಂಪುಗೂಡಿ ರೇಸಿನ ತಾಲೀಮು ಮಾಡುವವರು ಇನ್ನೊಂದು ಬಗೆ. ಇಬ್ಬರಿಗೂ ಇರುವುದು ಅದೇ ಡಾಂಬರು ರಸ್ತೆ. ಹಿಂದೆ ಬಿದ್ದವನಿಗೆ ಮುಂದಿನವನನ್ನು ಹಿಡಿಯಬೇಕೆಂಬ ಹಂಬಲ, ಮುಂದಿದ್ದವನಿಗೆ ಬಿಟ್ಟುಕೊಡಬಾರದೆಂಬ ಛಲ. ಸೈಕಲ್ ಇರುವ ಊರುಗಳಲ್ಲೆಲ್ಲ ಈ ಜಿದ್ದು ಉಂಟು. ಅದನ್ನು ಹದ್ದುಬಸ್ತಿನಲ್ಲಿಡುವ ಕೆಲವು ನಡಾವಳಿಗಳೂ ಸವಾರರ ನಡುವೆಯೇ ಬೆಳೆದಿವೆ.

ಉತ್ತರ ಕರ್ನಾಟಕದಲ್ಲಿ ಈ ಎರಡು ಬಗೆಯವರ ಅಂತರ ದೊಡ್ಡದಲ್ಲ. ರಾಜ್ಯದ ಸೈಕ್ಲಿಂಗ್‌ಗೆ ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳೇ ತವರು. ವಿಜಯಪುರ ಮತ್ತು ಬಾಗಲಕೋಟೆಯ ಕ್ರೀಡಾ ವಸತಿ ನಿಲಯಗಳಲ್ಲಿ ಪಳಗಿದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ಗದಗದಲ್ಲೇ ನಡೆಯಿತು. ಈ ಪಟುಗಳಲ್ಲಿ ಬಹಳ ಮಂದಿ ರೈತರ, ಕೂಲಿಕಾರರ ಮಕ್ಕಳು. ಅವರು ಸೈಕಲ್ ಕಲಿತದ್ದು ಅಪ್ಪನ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ, ಇಲ್ಲವೇ 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡಲು ಶುರುಮಾಡಿದ ಉಚಿತ ಸೈಕಲ್ ತುಳಿದು. ರೇಸಿನವರು ಸಾದಾ ಸವಾರರನ್ನು ಹಗುರಾಗಿ ಕಂಡರೆ ಅದು ತಮ್ಮ ಮನೆಯವರನ್ನೇ ಹಗುರಾಗಿ ಕಂಡಂತೆ.

ಅಂತರವಿರುವುದು ಯಂತ್ರದಲ್ಲಿ. ಕ್ಯಾರಿಯರ್, ಸ್ಟ್ಯಾಂಡು, ಮಡ್‌ಗಾರ್ಡು ಇರುವ ಸಾದಾ ಸೈಕಲ್ ಸುಮಾರು 20 ಕೆ.ಜಿ. ತೂಗುತ್ತದೆ, ಹಾಲಿನ ಕ್ಯಾನು, ಮೇವಿನ ಹೊರೆ ಏರಿದರೆ ಅದರ ದುಪ್ಪಟ್ಟು, ಮುಪ್ಪಟ್ಟು. ರೇಸಿನ ಸೈಕಲ್ ಎಂಟು-ಒಂಬತ್ತು ಕೆ.ಜಿ. ಅಂತರರಾಷ್ಟ್ರೀಯ ರಸ್ತೆ ಓಟದಲ್ಲಿ 6.8 ಕೆ.ಜಿ.ಗಿಂತ ಹಗುರಾದ ಸೈಕಲ್‌ಗೆ ಅನುಮತಿಯೇ ಇಲ್ಲ. ರೇಸಿನ ಟೈರು ಬೆರಳಿನಷ್ಟೇ ದಪ್ಪ, ಅದರೊಳಗಿನ ಗಾಳಿಯ ಒತ್ತಡ ಹೆಚ್ಚು. ಸವಾರನ ಬೂಟು ಪೆಡಲಿಗೆ ಸಿಕ್ಕಿಕೊಂಡಿರುವುದರಿಂದ ಥಟ್ಟನೆ ಕಾಲು ಕೆಳಗಿಡಲು ಆಗದು. ಹೊರೆ ಹೊತ್ತ ಸೈಕಲ್ಲಿಗೂ ಥಟ್ಟನೆ ನಿಲ್ಲಲು, ಹೊರಳಲು ಆಗದು. ಕಾರಣ ಬೇರೆಯಾದರೂ ಇಬ್ಬರಿಗೂ ಅಂಜಿಕೆ ಒಂದೇ.

ಗದಗ ಜಿಲ್ಲೆಯ ಬಡಗಣ ಭಾಗದಲ್ಲಿ ಇವೆಲ್ಲಕ್ಕಿಂತ ದೊಡ್ಡ ಸಂಗತಿ ಗಾಳಿ. ನರಗುಂದ, ರೋಣ, ಗಜೇಂದ್ರಗಡ ಈ ಮೂರೂ ಪಶ್ಚಿಮದಿಂದ ಪೂರ್ವಕ್ಕೆ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿವೆ. ನಡುವೆ ಇರುವುದು ಬಟಾಬಯಲಾದ ಎರೆ ಸೀಮೆ. ಗಾಳಿಯನ್ನು ತಡೆಯುವ ಗುಡ್ಡವಿಲ್ಲ, ದಟ್ಟ ಮರಗಳಿಲ್ಲ. ಗಜೇಂದ್ರಗಡದ ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮುಂಗಾರಿನಲ್ಲಿ ಪಶ್ಚಿಮದ ಕಡೆಯಿಂದ ಜೋರಾಗಿ ಬೀಸುವ ಗಾಳಿ ರಸ್ತೆಯ ಉದ್ದಕ್ಕೇ ಹರಿಯುತ್ತದೆ. ಅದು ಗಂಟೆಗೆ 20 ಕಿ.ಮೀ. ವೇಗದಲ್ಲಿ ಬೀಸುತ್ತಿದೆ ಎಂದುಕೊಳ್ಳೋಣ. ನರಗುಂದದಿಂದ ರೋಣದ ಕಡೆಗೆ 20ರ ವೇಗದಲ್ಲಿ ಹೊರಟವನ ಮೈಗೆ ಗಾಳಿಯೇ ತಾಗದು. ಅದೇ ಸವಾರ ಸಂಜೆ ತಿರುಗಿ 15ರ ವೇಗದಲ್ಲಿ ಬಂದರೂ ಎದೆಗೆ ಬಡಿಯುವುದು 35ರ ಗಾಳಿ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ.

ಜಿದ್ದಿನ ಬಣ್ಣವೂ ಗಾಳಿಯೊಂದಿಗೆ ಬದಲಾಗುತ್ತದೆ. ಪೂರ್ವಕ್ಕೆ ಹೋಗುವಾಗ ಸಾದಾ ಸೈಕಲ್ಲಿನ ಗಟ್ಟಿ ಹುಡುಗ ರೇಸಿನವರ ಬೆನ್ನು ಬಿಡದೆ ಸಾಗಬಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಕೂಡಲೇ, ನೆಟ್ಟಗೆ ಕುಳಿತು ತುಳಿಯುವ ಅವನ ಎದೆ ಗಾಳಿಯನ್ನು ಪೂರ್ತಿ ತಡೆಯುತ್ತದೆ. ಹ್ಯಾಂಡಲ್ಲಿನ ಮೇಲೆ ಬಾಗಿದ ರೇಸಿನವನು ನುಸುಳಿ ಹೋಗುತ್ತಾನೆ. ಇದು ತಾಕತ್ತಿನ ಸೋಲು ಗೆಲುವಲ್ಲ. ಸಾದಾ ಸೈಕಲ್ಲಿನವನು ರೇಸಿನವನನ್ನು ಹಿಂದಿಕ್ಕಿದಾಗಲೂ ಹಾಗೆಯೇ. ರೇಸಿನ ತಾಲೀಮಿನಲ್ಲಿ ಮೈದಣಿವು ಆರಿಸಿಕೊಳ್ಳಲು ಬೇಕೆಂದೇ ನಿಧಾನ ತುಳಿಯುವ ದಿನಗಳಿರುತ್ತವೆ. ಅಂಥ ದಿನ ಯಾರೋ ಮುಂದೆ ಹೋದರೆಂದು ಬೆನ್ನಟ್ಟಿದರೆ ವಾರದ ತಾಲೀಮೇ ಕೆಡುತ್ತದೆ.

ಎದುರುಗಾಳಿಯಲ್ಲಿ ಇನ್ನೊಬ್ಬರ ಗಾಲಿಯ ಹಿಂದೆ ಹತ್ತಿರ ಸಾಗಿದರೆ ಶ್ರಮದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಉಳಿತಾಯವಾಗುತ್ತದೆ. ಗುಂಪಿನ ಓಟದ ಮರ್ಮವೇ ಇದು: ಸರದಿಯ ಮೇಲೆ ಒಬ್ಬೊಬ್ಬರು ಮುಂದೆ ನಿಂತು ಗಾಳಿಗೆ ಎದೆ ಕೊಡುತ್ತಾರೆ. ಅಪರಿಚಿತನ ಹಿಂದೆ ಹೇಳದೆ ಕೇಳದೆ ಅಂಟಿಕೊಳ್ಳುವುದನ್ನು ಎಲ್ಲೆಡೆ ಒರಟುತನ ಎನ್ನುತ್ತಾರೆ. ಮುಂದಿನವನಿಗೆ ಹಿಂದೊಬ್ಬನಿರುವುದೇ ಗೊತ್ತಿರದು. ಅವನು ಬ್ರೇಕ್ ಹಿಡಿದರೆ ಇಬ್ಬರೂ ಬೀಳಬಹುದು. ಹಿಂದೆ ಬರುತ್ತೇನೆಂದು ಕೇಳಿ, ಒಪ್ಪಿದರೆ ಒಂದೂವರೆ ಗಾಲಿಯಷ್ಟು ಜಾಗ ಬಿಟ್ಟು ಸಾಗುವುದು ಸರಿ. ಬಲ್ಲ ರೇಸಿನವನು ಮುಂದೆ ಗುಂಡಿ ಬಂದರೆ ಕೈ ತೋರಿಸುತ್ತಾನೆ. ದಣಿದವನಿಗೆ ತಾನಾಗಿಯೇ ಮರೆ ಕೊಡುವುದು ಇನ್ನೂ ದೊಡ್ಡ ನಡತೆ.

ದಾಟುವಾಗ ಹೊಣೆ ಹಿಂದಿನಿಂದ ಬರುವವನದು. ರೇಸಿನ ಸೈಕಲ್ಲಿಗೆ ಬೆಲ್ಲು ಇರುವುದು ಅಪರೂಪ, ಸದ್ದೂ ಇಲ್ಲ. “ಕಾಕಾ, ಬಲಕ್ಕ ಬರಾಕತ್ತೀನ್ರಿ” ಎಂದು ಮೊದಲೇ ಕೂಗಿ, ಕೈಯಳತೆಗಿಂತ ಹೆಚ್ಚು ಜಾಗ ಬಿಟ್ಟು ದಾಟಬೇಕು. ಎಡದಿಂದ ನುಸುಳಬಾರದು. ದಾಟಿದ ಮೇಲೆ ಎದುರಿಗೇ ಬಂದು ನಿಧಾನಿಸಬಾರದು. ಮುಂದಿರುವವನು ಬೆದರಿ ಅತ್ತಿತ್ತ ಹೊರಳದೆ ತನ್ನ ದಾರಿಯಲ್ಲೇ ಸಾಗಿದರೆ ಸಾಕು.

ಗಾಳಿ ಓರೆಯಾಗಿ ಬೀಸಿದಾಗ ರೇಸಿನ ಗುಂಪು ರಸ್ತೆಯಗಲಕ್ಕೆ ಓರೆಸಾಲಾಗಿ ಹರಡಿಕೊಳ್ಳುತ್ತದೆ. ವಾಹನ ತಡೆದ ಸ್ಪರ್ಧೆಯಲ್ಲಿ ಅದು ಜಾಣ್ಮೆ. ಹುಬ್ಬಳ್ಳಿ–ವಿಜಯಪುರದ ಲಾರಿ, ಬಸ್ಸುಗಳು ಓಡುವ ನರಗುಂದದ ಹೆದ್ದಾರಿಯಲ್ಲಿ ಅದು ಎಲ್ಲರಿಗೂ ಅಪಾಯ. ಅಲ್ಲಿ ಒಂದೇ ಸಾಲು ಕಟ್ಟಬೇಕು. ಸುಗ್ಗಿಯಲ್ಲಿ ಗೋವಿನಜೋಳ, ಹೆಸರು ರಸ್ತೆಯಂಚಿಗೆ ಹರಡಿರುತ್ತದೆ. ತೆಳು ಟೈರು ಕಾಳಿನ ಮೇಲೆ ಜಾರುವುದರಿಂದ ರೇಸಿನವರಿಗೆ ಸಿಟ್ಟು ಬರುವುದುಂಟು. ರಸ್ತೆ ಕಣವಾಗಬಾರದೆಂಬುದು ನಿಜವೇ. ಆದರೆ ಆ ರಾಶಿ ಒಂದು ಮನೆಯ ವರ್ಷದ ದುಡಿಮೆ. ವೇಗ ಇಳಿಸಿ ಸುತ್ತುಹಾಕಿ ಹೋಗುವವನು ಕಳೆದುಕೊಳ್ಳುವುದು ಅರ್ಧ ನಿಮಿಷ.

ಜಾಲಿಮುಳ್ಳು ಯಾರ ಗಾಲಿಯನ್ನೂ ಬಿಡುವುದಿಲ್ಲ. ನಿಂತವರನ್ನು ಕಂಡರೆ “ಪಂಚರ್ ಆತೇನ್ರಿ?” ಎಂದು ಕೇಳಿಯೇ ಮುಂದೆ ಹೋಗುವುದು ಇಲ್ಲಿಯ ವಾಡಿಕೆ. ರೇಸಿನ ಟ್ಯೂಬಿನ ಸಪೂರ ವಾಲ್ವಿಗೆ ಅಡಾಪ್ಟರ್ ಇಲ್ಲದೆ ಪಂಚರ್ ಅಂಗಡಿಯ ಗಾಳಿ ಪೈಪು ಕೂಡುವುದಿಲ್ಲವಾದ್ದರಿಂದ, ಬೇರೆಯವರ ನೆರವು ಹೆಚ್ಚು ಬೇಕಾಗುವುದು ದುಬಾರಿ ಸೈಕಲ್ಲಿನವನಿಗೇ.

ಜಿದ್ದು ತೀರಿಸಿಕೊಳ್ಳಲು ಜಾತ್ರೆಯ ಶರ್ಯತ್ತು ಇದ್ದೇ ಇದೆ. ಅಲ್ಲಿ ಗೇರಿಲ್ಲದ ಸಾದಾ ಸೈಕಲ್ಲಿಗೂ ಗೇರ್ ಸೈಕಲ್ಲಿಗೂ ಬೇರೆ ಬೇರೆ ಓಟ ಇಟ್ಟು, ಓಟ ಮುಗಿಯುವವರೆಗೆ ದಾರಿಯ ವಾಹನ ತಡೆದು, ತಿರುವುಗಳಲ್ಲಿ ಮಂದಿಯನ್ನು ನಿಲ್ಲಿಸಿದರೆ ಪೈಪೋಟಿ ಸಮನಾಗುತ್ತದೆ, ಬೀಳುವ ಭಯವೂ ಕಡಿಮೆಯಾಗುತ್ತದೆ.