ಹಸುವಿನ ಗಾಯಕ್ಕೆ ಸ್ಟೆರೈಲ್ ಗಾಜ್ ಬಟ್ಟೆ: ಇಡುವುದು ಗೊತ್ತಿರಲಿ, ತೆಗೆಯುವುದು ನೆನಪಿರಲಿ



ಕಳೆದ ಮಳೆಗಾಲದಲ್ಲಿ ಶಿರೂರಿನ ಒಂದು ಮನೆಯಿಂದ ಫೋನ್ ಬಂತು. "ಡಾಕ್ಟ್ರೇ, ಎಂತ ಹಚ್ರೂ ಗಾಯ ಗುಣ ಆತಿಲ್ಲೆ ಕಾಣಿ." ಮೂರು ವಾರದ ಹಿಂದೆ ಆ ಮನೆಯ ಜೆರ್ಸಿ ಮಿಶ್ರತಳಿ ಹಸುವಿನ ತೊಡೆಯ ಮೇಲಿನ ಕೀವುಗಡ್ಡೆಯನ್ನು ನಾನೇ ಕೊಯ್ದು, ಕೀವು ತೆಗೆದು, ಒಳಗೆ ಅಯೋಡಿನ್‌ನಲ್ಲಿ ಅದ್ದಿದ ಗಾಜ್ ಬಟ್ಟೆ ತುಂಬಿಸಿ ಬಂದಿದ್ದೆ. ಮನೆಯವರು ಹೇಳಿದಂತೆಯೇ ದಿನಾ ಹಳೆಯದನ್ನು ತೆಗೆದು ಹೊಸದನ್ನು ಇಡುತ್ತಿದ್ದರು. ಆದರೂ ಕೀವು ನಿಂತಿರಲಿಲ್ಲ, ವಾಸನೆ ಹೆಚ್ಚಿತ್ತು. ದಿನಕ್ಕೆ 9 ಲೀಟರ್ ಕೊಡುತ್ತಿದ್ದ ಹಸು 5 ಲೀಟರಿಗೆ ಇಳಿದಿತ್ತು.

ಕೈಗವಸು ಹಾಕಿ ಗಾಯದ ತಳದವರೆಗೆ ಬೆರಳಾಡಿಸಿ ನೋಡಿದಾಗ ಅಲ್ಲಿ ಒಂದು ತುಂಡು ಗಾಜ್ ಬಟ್ಟೆ ಕೊಳೆತು ಕುಳಿತಿತ್ತು. ಮೊದಲ ದಿನ ನಾನು ಇಟ್ಟದ್ದು ಎರಡು ತುಂಡು. ಹೊರಗೆ ತುದಿ ಕಾಣುತ್ತಿದ್ದದ್ದು ಒಂದರದ್ದು ಮಾತ್ರ. "ಒಳಗೆ ಎರಡಿವೆ" ಎಂದು ಮನೆಯವರಿಗೆ ಹೇಳದೆ ಬಂದ ತಪ್ಪು ನನ್ನದೇ. ಅದನ್ನು ತೆಗೆದು ತೊಳೆದ ಮೇಲೆ ಗಾಯ ಎರಡು ವಾರದೊಳಗೆ ಕೂಡಿಕೊಂಡಿತು. ಆದರೆ ಆ ಮನೆಯವರಿಗೆ ನಷ್ಟವಾದ ಹಾಲಿನ ದುಡ್ಡು ತಿರುಗಿ ಬರಲಿಲ್ಲ. ಅಂದಿನಿಂದ ಯಾವ ಹಟ್ಟಿಗೆ ಹೋದರೂ ಗಾಜ್ ಬಟ್ಟೆಯ ಬಗ್ಗೆ ಎರಡು ಮಾತು ಹೇಳಿಯೇ ಹೊರಡುತ್ತೇನೆ. ಅದನ್ನೇ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಸ್ಟೆರೈಲ್ ಎಂದರೇನು?

ಮೆಡಿಕಲ್ ಅಂಗಡಿಯಲ್ಲಿ ಎರಡು ಬಗೆಯ ಗಾಜ್ ಬಟ್ಟೆ ಸಿಗುತ್ತದೆ. ಉದ್ದದ ಥಾನಿನ ರೂಪದಲ್ಲಿ ಬರುವುದು ಸಾಮಾನ್ಯವಾಗಿ ಸ್ಟೆರೈಲ್ ಅಲ್ಲ. ಅದು ಗಾಯದ ಸುತ್ತ ಒರೆಸಲು, ಹೊರಗಿನಿಂದ ಸುತ್ತಲು ಸಾಕು. ಸಣ್ಣ ಚೌಕದ ತುಂಡುಗಳಾಗಿ ಮುಚ್ಚಿದ ಪ್ಯಾಕೆಟ್‌ನಲ್ಲಿ "ಸ್ಟೆರೈಲ್" ಎಂದು ಮುದ್ರಿಸಿ ಬರುವುದನ್ನು ಮಾತ್ರ ತೆರೆದ ಗಾಯಕ್ಕೆ ನೇರವಾಗಿ ತಾಗಿಸಬೇಕು.

"ಹಳೆ ಪಂಚೆ ಕುದಿಸಿ ಕಟ್ಟಿದರೆ ಆಗದೇ?" ಎಂದು ಹಲವರು ಕೇಳುತ್ತಾರೆ. ಕುದಿಸಿದರೆ ಹೆಚ್ಚಿನ ರೋಗಾಣುಗಳು ಸಾಯುತ್ತವೆ, ಆದರೆ ಧನುರ್ವಾಯು ತರುವ ರೋಗಾಣುವಿನ ಬೀಜಕಣಗಳು 100 ಡಿಗ್ರಿ ಕುದಿನೀರಿನಲ್ಲೂ ಉಳಿಯಬಲ್ಲವು. ಅವನ್ನು ಕೊಲ್ಲಲು ಆಸ್ಪತ್ರೆಯ ಆಟೋಕ್ಲೇವ್‌ನಲ್ಲಿ ಒತ್ತಡದ ಹಬೆಯನ್ನು 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ ಹಾಯಿಸುತ್ತಾರೆ. ಕುದಿಸಿ ಒಣಗಿಸಿದ ಬಟ್ಟೆ ಶುಚಿಯಾದದ್ದು, ಸ್ಟೆರೈಲ್ ಅಲ್ಲ. ರಕ್ತ ಸುರಿಯುವಾಗ ಬೇರೇನೂ ಕೈಗೆ ಸಿಗದಿದ್ದರೆ ಅದನ್ನೇ ಒತ್ತಿ ಹಿಡಿಯಿರಿ, ತಪ್ಪಿಲ್ಲ.

ಹತ್ತಿಯನ್ನು ನೇರವಾಗಿ ಗಾಯದ ಮೇಲೆ ಇಡಬೇಡಿ. ಅದರ ಎಳೆ ಗಾಯಕ್ಕೆ ಅಂಟಿ ಒಳಗೇ ಉಳಿಯುತ್ತದೆ. ಇಂಗ್ಲೆಂಡಿನ ಸ್ಯಾಂಪ್ಸನ್ ಗ್ಯಾಮ್ಜಿ ಎಂಬ ವೈದ್ಯರು 1880ರಲ್ಲಿ ಹತ್ತಿಯನ್ನು ಎರಡು ಪದರ ಗಾಜ್ ಬಟ್ಟೆಯ ನಡುವೆ ಇಟ್ಟು ಬಳಸುವ ಕ್ರಮ ತಂದರು. ಅವರು ಮೊದಲು ಕಲಿತದ್ದು ಪಶುವೈದ್ಯಕೀಯ! ಮೊದಲು ಗಾಜ್ ಬಟ್ಟೆ, ಅದರ ಮೇಲೆ ಹತ್ತಿ, ಮೇಲೆ ಬ್ಯಾಂಡೇಜ್ ಎಂಬ ಕ್ರಮ ಇಂದಿಗೂ ಸರಿ.

ಪ್ಯಾಕೆಟ್ ಒಡೆಯುವ ಮುನ್ನ

ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಟ್ಟಿಯ ಮಾಡಿಗೆ ಸಿಕ್ಕಿಸಿಟ್ಟ ಪ್ಯಾಕೆಟ್ ವಾರದೊಳಗೆ ಮೆತ್ತಗಾಗುತ್ತದೆ. ಕಾಗದ ಒದ್ದೆಯಾದರೆ ಅದರ ಮೂಲಕ ರೋಗಾಣು ಒಳಹೋಗುತ್ತದೆ. ಆದ್ದರಿಂದ ಇವನ್ನು ನೋಡಿ:

• ಪ್ಯಾಕೆಟ್ ಎಲ್ಲೂ ಹರಿದಿಲ್ಲ, ಅಂಚು ಬಿಟ್ಟಿಲ್ಲ.
• ಒದ್ದೆಯಾಗಿಲ್ಲ, ನೀರಿನ ಕಲೆ ಇಲ್ಲ.
• ಅವಧಿ ಮುಗಿದಿಲ್ಲ.

ಒಂದರಲ್ಲಿ ಸಂಶಯ ಬಂದರೂ ಅದನ್ನು ಗಾಯಕ್ಕೆ ಬಳಸದೆ ಹೊರಗಿನ ಒರೆಸುವ ಕೆಲಸಕ್ಕೆ ಇಟ್ಟುಕೊಳ್ಳಿ. ಒಮ್ಮೆ ಒಡೆದ ಪ್ಯಾಕೆಟ್‌ನಲ್ಲಿ ಉಳಿದ ತುಂಡು ನಾಳೆಗೆ ಸ್ಟೆರೈಲ್ ಅಲ್ಲ. ಹಾಗಾಗಿ ಸಣ್ಣ ಪ್ಯಾಕೆಟ್‌ಗಳನ್ನೇ ಕೊಳ್ಳಿ. ಗಟ್ಟಿ ಮುಚ್ಚಳದ ಡಬ್ಬದಲ್ಲಿ ಹಾಕಿ, ಹಟ್ಟಿಯಲ್ಲಿ ಅಲ್ಲ, ಮನೆಯೊಳಗೆ ಇಡಿ.

ಗಾಯಕ್ಕೆ ಕಟ್ಟುವ ಕ್ರಮ

1. ಹಸುವನ್ನು ಗಟ್ಟಿಯಾಗಿ ಕಟ್ಟಿ, ತಲೆ ಹಿಡಿಯಲು ಇನ್ನೊಬ್ಬರು ಇರಲಿ. ನೋವಿನಲ್ಲಿರುವ ಸಾಧು ಹಸುವೂ ಒದೆಯುತ್ತದೆ.

2. ರಕ್ತ ಸುರಿಯುತ್ತಿದ್ದರೆ ಗಾಜ್ ಬಟ್ಟೆಯನ್ನು ಮಡಚಿಟ್ಟು 5ರಿಂದ 10 ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಬೇಡಿ, ಹೆಪ್ಪು ಕಿತ್ತು ಹೋಗುತ್ತದೆ. ತೊಯ್ದರೆ ಅದರ ಮೇಲೆಯೇ ಇನ್ನೊಂದು ಇಡಿ. ರಕ್ತ ಚಿಮ್ಮುತ್ತಿದ್ದರೆ ಒತ್ತಿ ಹಿಡಿದುಕೊಂಡೇ ವೈದ್ಯರಿಗೆ ಫೋನ್ ಮಾಡಿಸಿ.

3. ರಕ್ತ ನಿಂತ ಮೇಲೆ ಸೋಪಿನಿಂದ ಕೈ ತೊಳೆದು ಕೈಗವಸು ಹಾಕಿ. ಗಾಯವನ್ನು ಉಪ್ಪುನೀರಿನಿಂದ ಧಾರಾಳವಾಗಿ ತೊಳೆಯಿರಿ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಚಹಾ ಚಮಚ. ಪೊವಿಡೋನ್ ಅಯೋಡಿನ್ ಇದ್ದರೆ ನೀರಿನಲ್ಲಿ ತಿಳಿ ಚಹಾದ ಬಣ್ಣ ಬರುವಷ್ಟು ಬೆರೆಸಿ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದು ನೋಡಲು ಚೆಂದ, ಆದರೆ ದಿನಾ ಸುರಿದರೆ ಮೂಡುತ್ತಿರುವ ಹೊಸ ಮಾಂಸವನ್ನೂ ಸುಡುತ್ತದೆ.

4. ಒರೆಸುವಾಗ ಗಾಯದ ನಡುವಿನಿಂದ ಹೊರಕ್ಕೆ ಒರೆಸಿ. ಸೆಗಣಿ ತಾಗಿದ ಚರ್ಮ ಒರೆಸಿದ ತುಂಡನ್ನು ಪುನಃ ಗಾಯಕ್ಕೆ ತರಬೇಡಿ.

5. ಹೊಸ ತುಂಡನ್ನು ಮೂಲೆಯಲ್ಲಿ ಮಾತ್ರ ಹಿಡಿದು ಇಡಿ. ನೆಲಕ್ಕೆ ಬಿದ್ದದ್ದನ್ನು ಕೊಡವಿ ಇಡುವುದು ಬೇಡ.

6. ಕಾಲಿಗೆ ಬ್ಯಾಂಡೇಜ್ ಸುತ್ತುವಾಗ ಕೆಳಗಿನಿಂದ ಮೇಲಕ್ಕೆ ಸುತ್ತಿ. ಎರಡು ಗಂಟೆ ಬಿಟ್ಟು ನೋಡಿ. ಕಟ್ಟಿನ ಕೆಳಗೆ ಬಾತಿದ್ದರೆ ಅಥವಾ ತಣ್ಣಗಾಗಿದ್ದರೆ ಕೂಡಲೇ ಸಡಿಲಿಸಿ.

7. ಮೊದಲ ದಿನಗಳಲ್ಲಿ ದಿನಾ ಬದಲಿಸಿ. ಕಟ್ಟು ಒದ್ದೆಯಾದರೆ ಕಾಯದೆ ಬದಲಿಸಿ. ಅಂಟಿಕೊಂಡಿದ್ದರೆ ಎಳೆಯಬೇಡಿ, ಉಪ್ಪುನೀರು ಹಾಕಿ ಐದು ನಿಮಿಷ ನೆನೆಸಿ ಬಿಡಿಸಿ.

ಲೆಕ್ಕ ಇಡಿ

ಆಳದ ಗಾಯದೊಳಗೆ ವೈದ್ಯರು ಗಾಜ್ ಬಟ್ಟೆ ತುಂಬಿದರೆ "ಎಷ್ಟು ತುಂಡು?" ಎಂದು ಕೇಳಿ. ನಾಚಿಕೊಳ್ಳಬೇಡಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನದ ಚೌಕದಲ್ಲೇ ಬರೆಯಿರಿ: ಇಟ್ಟದ್ದು 2, ತೆಗೆದದ್ದು 2. ಸಾಧ್ಯವಾದಷ್ಟು ಒಂದೇ ಉದ್ದದ ಪಟ್ಟಿ ಬಳಸಿ, ಅದರ ತುದಿ ಹೊರಗೆ ಕಾಣುವಂತೆ ಬಿಡಬೇಕು. ಗಿಡಿದು ತುಂಬಬಾರದು, ಕೀವು ಹೊರಬರಲು ದಾರಿ ಬೇಕು.

ತೆಗೆದ ಬಟ್ಟೆಯನ್ನು ಹಟ್ಟಿಯಲ್ಲೋ ಗೊಬ್ಬರ ಗುಂಡಿಯಲ್ಲೋ ಎಸೆಯಬೇಡಿ. ಹಸು ಹುಲ್ಲಿನ ಜೊತೆ ನುಂಗೀತು, ನಾಯಿ ಎಳೆದೀತು. ಆಳವಾಗಿ ಹೂತುಬಿಡಿ.

ಮುಚ್ಚಿ ಕಟ್ಟಬಾರದ ಗಾಯಗಳು

ನಾಯಿ ಕಚ್ಚಿದ ಗಾಯ: ಕೈಗವಸು ಹಾಕಿ, ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಕಟ್ಟು ಹಾಕದೆ ಅದೇ ದಿನ ರೇಬೀಸ್ ಲಸಿಕೆಗೆ ವೈದ್ಯರನ್ನು ಕಾಣಿ.

ಹುಳ ಬಿದ್ದ ಗಾಯ: ನೊಣ ಮೊಟ್ಟೆ ಇಟ್ಟ ಒಂದು ದಿನದೊಳಗೆ ಹುಳ ಹೊರಬರುತ್ತದೆ. ಹುಳ ಪೂರ್ತಿ ತೆಗೆಯದೆ ಕಟ್ಟಿದರೆ ಅವು ಒಳಗೊಳಗೇ ಮಾಂಸ ತಿನ್ನುತ್ತವೆ. ಪೆಟ್ರೋಲ್, ಫಿನಾಯಿಲ್ ಸುರಿಯಬೇಡಿ.

ಮೊಲೆತೊಟ್ಟಿನ ಗಾಯ: ತೊಟ್ಟಿನ ಸುತ್ತ ಬಿಗಿಯಾಗಿ ಏನನ್ನೂ ಸುತ್ತಬೇಡಿ, ರಂಧ್ರದೊಳಗೆ ಕಡ್ಡಿ, ಬಟ್ಟೆ ತೂರಿಸಬೇಡಿ. ಗಾಯದಿಂದ ಹಾಲು ಸೋರುತ್ತಿದ್ದರೆ ಮನೆಮದ್ದಿಗೆ ಸಮಯ ಕಳೆಯಬೇಡಿ, ಕೆಚ್ಚಲು ಬಾವು ಬರುತ್ತದೆ.

ಮುಳ್ಳುತಂತಿಗೆ ಸೀಳಿದ ದೊಡ್ಡ ಗಾಯಕ್ಕೆ ಹೊಲಿಗೆ ಹಾಕುವುದಾದರೆ 6ರಿಂದ 8 ಗಂಟೆಯೊಳಗಾದರೆ ಒಳ್ಳೆಯದು. ಅಂಥ ಗಾಯಕ್ಕೆ ಅರಿಶಿನ, ಬೂದಿ, ಕಾಫಿಪುಡಿ ತುಂಬದೆ, ತೊಳೆದು ಸ್ಟೆರೈಲ್ ಗಾಜ್ ಬಟ್ಟೆ ಮುಚ್ಚಿ ಫೋನ್ ಮಾಡಿ. ನಿಮ್ಮ ಪಶು ಆಸ್ಪತ್ರೆ ಸಿಗದಿದ್ದರೆ 1962ಕ್ಕೆ ಕರೆ ಮಾಡಿ.

ಹಾಲಿನ ಬಗ್ಗೆ ಒಂದು ಮಾತು

ಗಾಯಕ್ಕೆಂದು ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟಿದ್ದರೆ ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ. ಒಂದು ಹಸುವಿನ ಹಾಲು ಇಡೀ ಸಂಘದ ಕ್ಯಾನನ್ನು ಕೆಡಿಸುತ್ತದೆ. ಗಾಯವನ್ನು ಮೊದಲ ದಿನವೇ ಶುಚಿಯಾಗಿ ನೋಡಿಕೊಂಡರೆ ಎಷ್ಟೋ ಸಲ ಆ ಇಂಜೆಕ್ಷನ್ ಬೇಕಾಗುವುದೇ ಇಲ್ಲ.

ಈ ತಿಂಗಳ ಹಾಲಿನ ಬಟವಾಡೆ ಬಂದಾಗ ನಾಲ್ಕು ಪ್ಯಾಕೆಟ್ ಸ್ಟೆರೈಲ್ ಗಾಜ್ ಬಟ್ಟೆ, ಎರಡು ಬ್ಯಾಂಡೇಜ್, ಒಂದು ಸಣ್ಣ ಬಾಟಲಿ ಪೊವಿಡೋನ್ ಅಯೋಡಿನ್, ಎರಡು ಜೊತೆ ಕೈಗವಸು ತಂದು ಒಂದು ಡಬ್ಬದಲ್ಲಿಡಿ. ಮುಚ್ಚಳದ ಮೇಲೆ ನಿಮ್ಮ ಪಶುವೈದ್ಯರ ನಂಬರ್ ಬರೆದು ಅಂಟಿಸಿ. ಮನೆಯಲ್ಲಿ ಹಾಲು ಕರೆಯುವ ಎಲ್ಲರಿಗೂ ಆ ಡಬ್ಬ ಎಲ್ಲಿದೆ ಎಂದು ಗೊತ್ತಿರಲಿ.