ಮನೆಯಲ್ಲೇ ಕಟ್ಟುವ ಸ್ಪೋರ್ಟ್ಸ್ ಕಾರು: ಚಾಸಿಗೆ ಗಟ್ಟಿತನ ಬರೋದು ಎಲ್ಲಿಂದ?

ಇವತ್ತಿನ ವಿಷಯ ಟ್ಯೂಬ್ ಫ್ರೇಮ್ ಚಾಸಿ, ಅಂದ್ರೆ ಉಕ್ಕಿನ ಕೊಳವೆಗಳನ್ನು ವೆಲ್ಡ್ ಮಾಡಿ ಕಟ್ಟುವ ಕಾರಿನ ಅಸ್ಥಿಪಂಜರ. ಇದಕ್ಕೆ ಒಳ್ಳೆ ಉದಾಹರಣೆ 1957ರಲ್ಲಿ ಕಾಲಿನ್ ಚಾಪ್‌ಮನ್ ತಂದ ಲೋಟಸ್ ಸೆವೆನ್. ಬ್ರಿಟನ್ನಿನಲ್ಲಿ ಅದನ್ನು ಕಿಟ್ ಆಗಿ ಕೊಂಡು ಮನೆಯಲ್ಲೇ ಜೋಡಿಸ್ತಿದ್ರು. ಆಮೇಲೆ 1996ರಲ್ಲಿ ರಾನ್ ಚಾಂಪಿಯನ್ ಬರೆದ ಪುಸ್ತಕ ನೋಡಿ, ಅದೇ ಮಾದರಿಯ ಫ್ರೇಮನ್ನು ಒಂದಿಂಚಿನ ಚೌಕ ಕೊಳವೆಗಳಿಂದ ಗ್ಯಾರೇಜಲ್ಲೇ ಕಟ್ಟಿದವರು ಬಹಳ ಜನ.

"ಗಟ್ಟಿ ಬೇಕಾ? ದಪ್ಪ ಪೈಪ್ ಹಾಕಿ" ಅಂತಾರೆ. ಇಲ್ಲಿ ಎರಡು ಬೇರೆ ವಿಷಯ ಬೆರೆತುಹೋಗಿವೆ. ಬಲ ಅಂದ್ರೆ ಮುರಿಯುವ ಮುಂಚೆ ಎಷ್ಟು ಭಾರ ತಡೆಯುತ್ತೆ ಅನ್ನೋದು. ಬಿಗಿತ ಅಂದ್ರೆ ಆ ಭಾರಕ್ಕೆ ಎಷ್ಟು ಕಡಿಮೆ ತಿರುಚಿಕೊಳ್ಳುತ್ತೆ ಅನ್ನೋದು. ತಿರುವಿನಲ್ಲಿ ಚಾಸಿಯೇ ಸ್ಪ್ರಿಂಗ್ ತರ ತಿರುಚಿದ್ರೆ ಸಸ್ಪೆನ್ಷನ್ ತನ್ನ ಕೆಲಸ ಮಾಡೋಕಾಗಲ್ಲ. ದುಬಾರಿ ಕ್ರೋಮೋಲಿ ಉಕ್ಕು ತಂದ್ರೆ ಬಲ ಹೆಚ್ಚುತ್ತೆ, ಆದರೆ ಅದೇ ಅಳತೆಯ ಕೊಳವೆಯಲ್ಲಿ ಬಿಗಿತ ಹೆಚ್ಚಲ್ಲ. ಸಾಮಾನ್ಯ ಉಕ್ಕಿಗೂ ಅದಕ್ಕೂ ಯಂಗ್ಸ್ ಮಾಡ್ಯುಲಸ್ ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪಾಸ್ಕಲ್.

ಬಿಗಿತ ಬರೋದು ಆಕಾರದಿಂದ. ಮನೆಯ ಕಬ್ಬಿಣದ ಶೆಲ್ಫಿನ ಹಿಂದಿರುವ ಅಡ್ಡ ಪಟ್ಟಿ ಬಿಚ್ಚಿ ನೋಡಿ, ಇಡೀ ಶೆಲ್ಫು ಅಲ್ಲಾಡುತ್ತೆ. ಚೌಕ ಸುಲಭವಾಗಿ ವಾಲುತ್ತೆ, ತ್ರಿಕೋನ ವಾಲಲ್ಲ. ಹಾಗಾಗಿ ಫ್ರೇಮಿನ ಪ್ರತಿ ಚೌಕಕ್ಕೂ ಒಂದು ಕರ್ಣ ಬೇಕು, ಇಲ್ಲವೇ ರಿವೆಟ್ ಮಾಡಿದ ತಗಡು ಬೇಕು.

ಆದ್ರೆ ಕೂರುವ ಜಾಗಕ್ಕೆ ಕರ್ಣ ಹಾಕೋಕಾಗಲ್ಲ, ಮನುಷ್ಯ ಒಳಗೆ ಹೋಗಬೇಕಲ್ಲ! ಚಾಸಿ ಸೋಲೋದು ಅಲ್ಲೇ. 1952ರ ಮರ್ಸಿಡಿಸ್ 300 ಎಸ್‌ಎಲ್ ರೇಸ್ ಕಾರಿನ ಫ್ರೇಮ್ ಬರೀ 50 ಕೆ.ಜಿ. ಆಸುಪಾಸು ಇತ್ತು. ಬಿಗಿತಕ್ಕಾಗಿ ಎರಡೂ ಪಕ್ಕದ ಫ್ರೇಮನ್ನು ಎತ್ತರ ಮಾಡಿದ್ರು, ಮಾಮೂಲಿ ಬಾಗಿಲಿಗೆ ಜಾಗವೇ ಉಳಿಯಲಿಲ್ಲ. ಆ ಪ್ರಸಿದ್ಧ 'ರೆಕ್ಕೆ ಬಾಗಿಲು' ಹುಟ್ಟಿದ್ದು ಹೀಗೆ, ಶೋಕಿಗಲ್ಲ. ನೀವೂ ಪಕ್ಕದ ಭಾಗ ಎತ್ತರವಾಗಿಡಿ, ನಡುವಿನ ಟನೆಲ್ಲನ್ನು ಮುಚ್ಚಿದ ಪೆಟ್ಟಿಗೆ ಮಾಡಿ.

ಈಗ ಕೊಳವೆ. 25 ಮಿ.ಮೀ. ವ್ಯಾಸ, 2 ಮಿ.ಮೀ. ಗೋಡೆಯ ಕೊಳವೆ ಮೀಟರಿಗೆ ಸುಮಾರು 1.13 ಕೆ.ಜಿ. 50 ಮಿ.ಮೀ. ವ್ಯಾಸ, 1 ಮಿ.ಮೀ. ಗೋಡೆಯದ್ದು 1.21 ಕೆ.ಜಿ. ತೂಕ ಹೆಚ್ಚುಕಡಿಮೆ ಅಷ್ಟೇ, ಬಾಗುವಿಕೆಗೆ ಬಿಗಿತ ಮಾತ್ರ ಸುಮಾರು 4.8 ಪಟ್ಟು! ಹಾಗಂತ ಗೋಡೆಯನ್ನು ತೆಳು ಮಾಡ್ತಾ ಹೋಗಬೇಡಿ. ತೀರ ತೆಳುವಾದ್ರೆ ನೆಗ್ಗುತ್ತೆ, ವೆಲ್ಡಿಂಗ್‌ನಲ್ಲಿ ತೂತು ಬೀಳುತ್ತೆ.

ಸಸ್ಪೆನ್ಷನ್ ಬ್ರಾಕೆಟ್ಟನ್ನು ಕೊಳವೆಯ ನಡುವೆ ಕೂರಿಸಬೇಡಿ, ಕೊಳವೆಗಳು ಸೇರುವ ಗಂಟಿನಲ್ಲೇ ಕೂರಿಸಿ. ಒತ್ತಡ ಹೊರುವ ಉದ್ದನೆಯ ಕೊಳವೆಗೆ ನಡುವೆ ಆಸರೆ ಕೊಡಿ. ಉದ್ದ ಅರ್ಧವಾದ್ರೆ ಬಳುಕದೆ ತಡೆಯುವ ಭಾರ ನಾಲ್ಕು ಪಟ್ಟು.

ಸುರಕ್ಷತೆಗೆ ಬಂದರೆ, ಬಿಗಿ ಇದ್ದ ಮಾತ್ರಕ್ಕೆ ಸೇಫ್ ಅಲ್ಲ. ಕಾರಿನ ಮೂತಿ ಕುಸಿದು ಪೆಟ್ಟು ನುಂಗಬೇಕು, ಮನುಷ್ಯ ಕೂತ ಗೂಡು ಕುಸಿಯಬಾರದು. ತಲೆಯ ಹಿಂದಿನ ರೋಲ್ ಹೂಪಿಗೆ ಎಫ್‌ಐಎ ಕೇಳೋದು ಕೋಲ್ಡ್ ಡ್ರಾನ್ ಸೀಮ್‌ಲೆಸ್ ಕೊಳವೆ, 45×2.5 ಅಥವಾ 50×2 ಮಿ.ಮೀ. ಹೂಪಿಗೆ ಓರೆ ಆಸರೆ ಕಡ್ಡಾಯ, ಬೆಲ್ಟಿನ ಬೋಲ್ಟು ಕೂರಬೇಕಾದ್ದು ಫ್ರೇಮಿಗೇ ಹೊರತು ತಗಡಿಗಲ್ಲ. ನೀರಿನ ಜಿಐ ಪೈಪ್ ಮಾತ್ರ ಬೇಡವೇ ಬೇಡ. ವೆಲ್ಡ್ ಮಾಡುವಾಗ ಸತುವಿನ ಹೊಗೆ ಕುಡಿದು ಜ್ವರ ಬರುತ್ತೆ, ಬೆಸುಗೆಯೂ ಕೆಡುತ್ತೆ.

ಕಂಪ್ಯೂಟರ್ ತೋರಿಸುವ ಬಣ್ಣಬಣ್ಣದ ಚಿತ್ರದಲ್ಲಿ ನಿಮ್ಮ ವೆಲ್ಡರ್‌ನ ಕೈ ಕಾಣಲ್ಲ. ಅದಕ್ಕೇ ತಿರುಚಿ ನೋಡಿ. ಹಿಂಭಾಗವನ್ನು ಬಿಗಿಯಾಗಿ ಕಟ್ಟಿ, ಮುಂಭಾಗವನ್ನು ನಟ್ಟನಡುವೆ ಒಂದೇ ಬಿಂದುವಿನ ಮೇಲೆ ನಿಲ್ಲಿಸಿ. ಮುಂದೆ ಅಡ್ಡ ಕಂಬಿ ಬಿಗಿದು, ನಡುವಿನಿಂದ ಒಂದು ಮೀಟರ್ ದೂರದಲ್ಲಿ 100 ಕೆ.ಜಿ. ತೂಗುಹಾಕಿ. ಆ ತುದಿ 8.7 ಮಿ.ಮೀ. ಇಳಿದರೆ ಫ್ರೇಮ್ ಅರ್ಧ ಡಿಗ್ರಿ ತಿರುಚಿದೆ ಅಂತ, ಅಂದ್ರೆ ಬಿಗಿತ ಡಿಗ್ರಿಗೆ ಸುಮಾರು 1,960 ನ್ಯೂಟನ್ ಮೀಟರ್. ಒಂದು ಕರ್ಣ ಸೇರಿಸಿ ಮತ್ತೆ ಅಳೆಯಿರಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಕೊನೆಗೊಂದು ಮಾತು. ನಮ್ಮ ದೇಶದಲ್ಲಿ ಇಂಥ ಕಾರನ್ನು ರಸ್ತೆಗೆ ರಿಜಿಸ್ಟರ್ ಮಾಡಿಸೋದು ಬಹಳ ಕಷ್ಟ. ಪುಣೆ, ಚೆನ್ನೈ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಾಹಾ, ಸುಪ್ರಾ ಸ್ಪರ್ಧೆಗಳಿಗೆ ಫ್ರೇಮ್ ಕಟ್ಟುವ ಹುಡುಗ ಹುಡುಗಿಯರಿದ್ದಾರೆ. ಮೊದಲು ಅವರ ವರ್ಕ್‌ಶಾಪಿಗೆ ಹೋಗಿ ಬನ್ನಿ. ಕೊಳವೆ ಕೊಯ್ಯೋದು ಆಮೇಲೆ.