ತೊಟ್ಟಿಲ ಬಳಿಯ ಬಾನುಲಿ

ಕೂಸು ತೊಟ್ಟಿಲಲ್ಲಿ ಮಲಗಿರುವಾಗ ತಾಯಿಗೆ ಅಡುಗೆಯೂ ಆಗಬೇಕು, ಹಿತ್ತಲ ಕೆಲಸವೂ ಆಗಬೇಕು. ಹಿಂದೆ ಅಜ್ಜಿಯೋ ಅತ್ತೆಯೋ ತೊಟ್ಟಿಲ ಹಗ್ಗ ಹಿಡಿದು ಕುಳಿತಿರುತ್ತಿದ್ದರು. ಇಂದು ಅನೇಕ ಮನೆಗಳಲ್ಲಿ ಗಂಡಹೆಂಡಿರಿಬ್ಬರೇ. ಆ ಕೊರತೆಗೆಂದು ಬಂದಿರುವ ಸಾಧನವೇ ಬೇಬಿ ಮಾನಿಟರ್. ಅದು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ಕೊಳ್ಳುವ ಮೊದಲೇ ಅರಿಯತಕ್ಕದ್ದು.

ಬಾನುಲಿಯ ಕೇಳುಗರಾದ ನಿಮಗೆ ಇದರ ತತ್ತ್ವ ಹೊಸದಲ್ಲ. ಕೂಸಿನ ಬಳಿಯ ಪೆಟ್ಟಿಗೆ ಧ್ವನಿಯನ್ನು ಕಳುಹಿಸುತ್ತದೆ. ನಿಮ್ಮ ಬಳಿಯ ಪೆಟ್ಟಿಗೆ ಅದನ್ನು ಕೇಳಿಸುತ್ತದೆ. ಈ ಸಾಧನ ರೇಡಿಯೋ ತಯಾರಕರಿಂದಲೇ ಬಂದದ್ದು. 1932ರಲ್ಲಿ ವಿಮಾನಯಾನಿ ಲಿಂಡ್‌ಬರ್ಗನ ಶಿಶುವಿನ ಅಪಹರಣವಾದ ಮೇಲೆ ಅಮೆರಿಕದ ತಂದೆತಾಯಿಯರಲ್ಲಿ ಭಯ ಹಬ್ಬಿತು. 1937ರಲ್ಲಿ ಜೆನಿತ್ ರೇಡಿಯೋ ಸಂಸ್ಥೆ 'ರೇಡಿಯೋ ನರ್ಸ್' ಎಂಬುದನ್ನು ತಯಾರಿಸಿತು. ಅದರ ಆಕಾರವನ್ನು ರೂಪಿಸಿದವನು ಶಿಲ್ಪಿ ಇಸಾಮು ನೊಗುಚಿ. ಧ್ವನಿಯು ಮನೆಯ ವಿದ್ಯುತ್ ತಂತಿಗಳ ಮೂಲಕವೇ ಸಾಗುತ್ತಿತ್ತು.

ಈಗ ದೊರೆಯುವವುಗಳಲ್ಲಿ ಮೂರು ಬಗೆ: ಧ್ವನಿ ಮಾತ್ರ ಕೇಳಿಸುವುದು, ಚಿತ್ರವನ್ನೂ ತೋರಿಸುವುದು, ವೈಫೈ ಮೂಲಕ ಮೊಬೈಲಿಗೆ ಕಳುಹಿಸುವುದು. ಚಿಕ್ಕ ಮನೆಗೆ ಮೊದಲನೆಯದೇ ಸಾಕು. ಮೂರನೆಯದನ್ನು ಕೊಂಡರೆ, ಅದರೊಡನೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ; ಇಲ್ಲವಾದರೆ ಅಪರಿಚಿತರು ನಿಮ್ಮ ಮನೆಯೊಳಕ್ಕೆ ಇಣುಕಬಹುದು. ಪೆಟ್ಟಿಗೆಯ ಮೇಲೆ ಬರೆದ ದೂರವು ಸಾಮಾನ್ಯವಾಗಿ ಬಯಲಿನ ಲೆಕ್ಕ. ಕಲ್ಲಿನ ಗೋಡೆ, ಕಾಂಕ್ರೀಟ್ ತಾರಸಿಗಳು ಅದನ್ನು ತಗ್ಗಿಸುತ್ತವೆ. ಆದಕಾರಣ ಒಬ್ಬರು ತೊಟ್ಟಿಲ ಬಳಿ ಮಾತನಾಡುತ್ತಿರಲಿ, ಇನ್ನೊಬ್ಬರು ಮನೆಯೆಲ್ಲ ಸುತ್ತಿ ಕೇಳಿ ನೋಡಲಿ. ಕರೆಂಟು ಹೋದರೆ ಬ್ಯಾಟರಿಯಿಂದ ನಡೆಯುವುದೇ, ಸಂಪರ್ಕ ಕಡಿದರೆ ಎಚ್ಚರಿಸುವುದೇ ಎಂಬುದನ್ನೂ ಪರೀಕ್ಷಿಸಿ.

ಇಡುವ ಸ್ಥಳ ಬಹು ಮುಖ್ಯ. ಪೆಟ್ಟಿಗೆಯೂ ಅದರ ವೈರೂ ಕೂಸಿನಿಂದ 3 ಅಡಿಗಿಂತ ದೂರವಿರಲಿ. ವೈರು ಕೊರಳಿಗೆ ಸುತ್ತಿಕೊಂಡು ಶಿಶುಗಳು ಅಸುನೀಗಿದ್ದುಂಟು. ತೂಗುತೊಟ್ಟಿಲಾದರೆ ಅದು ತೂಗುವ ತುದಿಯಿಂದ ಅಳೆಯಿರಿ. ತೊಟ್ಟಿಲಿಗೆ ಅದನ್ನು ಎಂದಿಗೂ ಕಟ್ಟಬೇಡಿ. ಎರಡು ಪೆಟ್ಟಿಗೆಗಳನ್ನು ಹತ್ತಿರ ಇಟ್ಟರೆ, ಸಭೆಯ ಧ್ವನಿವರ್ಧಕ ಕಿರುಚುವಂತೆ ಅವೂ ಕಿರುಚುತ್ತವೆ.

ಉಸಿರನ್ನೂ ನಾಡಿಯನ್ನೂ ಗಮನಿಸುವ ಕಾಲುಚೀಲದಂಥ ಸಾಧನಗಳೂ ಈಗ ಬಂದಿವೆ. ನಿದ್ರೆಯಲ್ಲಿ ಹಠಾತ್ತನೆ ಬರುವ ಶಿಶುಮರಣವನ್ನು ತಡೆಯಲು ಇವನ್ನು ನೆಚ್ಚಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ. ಅದು ಹೇಳುವ ಕ್ರಮ ಸರಳವಾದುದು: ಕೂಸನ್ನು ಅಂಗಾತ ಮಲಗಿಸಿ, ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಲಿ, ದಿಂಬು, ಸಡಿಲ ಹೊದಿಕೆ ಬೇಡ, ಮೊದಲ 6 ತಿಂಗಳಾದರೂ ನಿಮ್ಮ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಲಿ.

ಇನ್ನೊಂದು ಮಾತು. ಅಳು ಯಂತ್ರಕ್ಕೆ ಕೇಳಿಸೀತು. ಆದರೆ ಉಸಿರುಗಟ್ಟಿದ ಕೂಸು ಅಳಲಾರದು. ಆದ್ದರಿಂದ ಮಾನಿಟರನ್ನು ನಂಬಿ ಮನೆ ಬಿಟ್ಟು ಹೋಗಬೇಡಿ. ನಡುನಡುವೆ ಎದ್ದು ಹೋಗಿ ಕೂಸನ್ನು ಕಣ್ಣಾರೆ ನೋಡಿ ಬನ್ನಿ.